‘ಡಿಡ್ ನಾಟ್ ವೆಂಟ್’ ತಪ್ಪಿಗೆ ಮದ್ದು ಕನ್ನಡದಲ್ಲೇ ಇದೆ

ಮಾನ್ಯ ಸಂಪಾದಕರೇ,

ಶಾಲೆ ಶುರುವಾಯಿತೆಂದರೆ ಇಂಗ್ಲಿಷ್ ಕ್ರಿಯಾಪದಗಳ ಮೂರು ಕಾಲಮ್ಮಿನ ಪಟ್ಟಿ ಮತ್ತೆ ತರಗತಿಯ ಗೋಡೆ ಏರುತ್ತದೆ. ಗೋ–ವೆಂಟ್–ಗಾನ್, ಈಟ್–ಏಟ್–ಈಟನ್ ಎಂದು ಮಕ್ಕಳು ಮಗ್ಗಿಯಂತೆ ಒಪ್ಪಿಸುತ್ತಾರೆ. ಅದೇ ಮಗು ವಾಕ್ಯ ಕಟ್ಟುವಾಗ ‘ಐ ಡಿಡ್ ನಾಟ್ ವೆಂಟ್’ ಎನ್ನುತ್ತದೆ. ಇದು ಬಾಯಿಪಾಠ ಸಾಲದೆ ಆದ ತಪ್ಪಲ್ಲ. ಎಲ್ಲಿ ‘ವೆಂಟ್’ ಬರಬೇಕು, ಎಲ್ಲಿ ಬರಬಾರದು ಎಂಬುದನ್ನು ಆ ಪಟ್ಟಿ ಹೇಳುವುದೇ ಇಲ್ಲ.

ಅದನ್ನು ಹೇಳಿಕೊಡಲು ಕನ್ನಡವೇ ಸಾಕು. ‘ಹೋದೆ’ ಎಂಬುದರ ನಿಷೇಧರೂಪ ‘ಹೋಗಲಿಲ್ಲ’. ‘ಹೋದಲಿಲ್ಲ’ ಎಂದು ಯಾವ ಮಗುವೂ ಹೇಳುವುದಿಲ್ಲ. ‘ಇಲ್ಲ’ ಬಂದ ಕೂಡಲೇ ಭೂತಕಾಲದ ದಕಾರ ಬಿಟ್ಟುಹೋಗಿ ‘ಹೋಗು’ ಎಂಬ ಧಾತು ಮತ್ತೆ ಕಾಣಿಸಿಕೊಳ್ಳುತ್ತದೆ. ಇಂಗ್ಲಿಷಿನಲ್ಲೂ ಅಷ್ಟೇ: ಭೂತಕಾಲವನ್ನು ‘ಡಿಡ್’ ಹೊತ್ತ ಮೇಲೆ ‘ವೆಂಟ್’ ತಿರುಗಿ ‘ಗೋ’ ಆಗಬೇಕು. ಹಲಗೆಯ ಎಡಕ್ಕೆ ಹೋದೆ–ಹೋಗಲಿಲ್ಲ, ಬಂದೆ–ಬರಲಿಲ್ಲ, ಕೊಟ್ಟೆ–ಕೊಡಲಿಲ್ಲ ಎಂದು ಬರೆದು, ಬಲಕ್ಕೆ ವೆಂಟ್–ಡಿಡ್ ನಾಟ್ ಗೋ, ಕೇಮ್–ಡಿಡ್ ನಾಟ್ ಕಮ್, ಗೇವ್–ಡಿಡ್ ನಾಟ್ ಗಿವ್ ಎಂದು ಬರೆದರೆ ಮಕ್ಕಳೇ ನಿಯಮ ಕಂಡುಕೊಳ್ಳುತ್ತಾರೆ. ಪ್ರಶ್ನೆಯಲ್ಲಿ ಮಾತ್ರ ಈ ಹೋಲಿಕೆ ಕೈಕೊಡುತ್ತದೆ. ನಾವು ‘ಹೋದೆಯಾ?’ ಎಂದು ದಕಾರ ಉಳಿಸಿಕೊಂಡೇ ಕೇಳುತ್ತೇವೆ. ‘ಡಿಡ್ ಯು ವೆಂಟ್?’ ಹುಟ್ಟುವುದು ಇಲ್ಲಿಂದಲೇ. ಹಾಗಾಗಿ ಮೊದಲು ನಿಷೇಧ ಗಟ್ಟಿಯಾಗಲಿ, ವಾರ ಬಿಟ್ಟು ಪ್ರಶ್ನೆಗೆ ಬರೋಣ.

ಎರಡನೆಯ ತೊಡಕು ಪಟ್ಟಿಯ ಅಕಾರಾದಿ ಕ್ರಮ. ಕನ್ನಡದಲ್ಲೂ ಮಾಡು–ಮಾಡಿದ ಎಂಬ ಸರಾಗ ದಾರಿ ಬಿಟ್ಟು ನಡೆಯುವ ಧಾತುಗಳಿವೆ. ಆದರೆ ಅವು ಬಳಗ ಕಟ್ಟಿಕೊಂಡಿವೆ: ಕೊಟ್ಟ, ಸುಟ್ಟ, ಬಿಟ್ಟ ಒಂದು ಕಡೆ, ನಕ್ಕ, ಸಿಕ್ಕ ಇನ್ನೊಂದು ಕಡೆ. ಇಂಗ್ಲಿಷಿನವೂ ಹೀಗೆಯೇ. ಕಟ್, ಪುಟ್, ಹಿಟ್, ಶಟ್ ಬದಲಾಗುವುದೇ ಇಲ್ಲ (‘ಹಿ ಕಟ್ಸ್’ ಎಂದರೆ ದಿನವೂ ಕತ್ತರಿಸುತ್ತಾನೆ; ‘ಹಿ ಕಟ್’ ಎಂದರೆ ಕತ್ತರಿಸಿದ. ಒಂದು ‘ಎಸ್’ ಇಲ್ಲದಿರುವುದೇ ಗುರುತು). ಸೆಂಡ್, ಸ್ಪೆಂಡ್, ಲೆಂಡ್, ಬಿಲ್ಡ್‌ಗಳ ಕೊನೆಯ ‘ಡಿ’ ಹೋಗಿ ‘ಟಿ’ ಬರುತ್ತದೆ. ಕೀಪ್, ಸ್ಲೀಪ್, ವೀಪ್‌ಗಳಲ್ಲಿ ಸ್ವರ ಗಿಡ್ಡವಾಗಿ ಕೆಪ್ಟ್, ಸ್ಲೆಪ್ಟ್, ವೆಪ್ಟ್ ಆಗುತ್ತವೆ. ಸಿಂಗ್, ರಿಂಗ್, ಡ್ರಿಂಕ್, ಸ್ವಿಮ್ ಒಂದು ಮನೆಯವು. ಬ್ರಿಂಗ್ ಮತ್ತು ಥಿಂಕ್ ಆ ಮನೆಯವೆಂದು ಕಾಣುತ್ತವೆ, ಆದರೆ ಸೇರಿಕೊಂಡಿರುವುದು ಬಾಟ್, ಫಾಟ್, ಟಾಟ್, ಕಾಟ್‌ಗಳ ಜೊತೆಗೆ. ‘ಬ್ರ್ಯಾಂಗ್’ ಎಂಬ ತಪ್ಪಿನ ಮೂಲ ಅದು. ಅಕಾರಾದಿ ಪಟ್ಟಿಯಲ್ಲಿ ಬ್ರಿಂಗ್ ಮೊದಲ ಪುಟಕ್ಕೂ ಥಿಂಕ್ ಕೊನೆಯ ಪುಟಕ್ಕೂ ಹೋಗಿ, ಈ ನಂಟು ಮಗುವಿನ ಕಣ್ಣಿಗೆ ಬೀಳುವುದೇ ಇಲ್ಲ. ವಾರಕ್ಕೊಂದು ಬಳಗ, ಬಳಗಕ್ಕೆ ಐದಾರು ಪದ ಸಾಕು. ವೆಂಟ್, ವಾಸ್, ವರ್‌ಗಳಂಥ ಒಂಟಿಗಳನ್ನು ಬಳಸಿಯೇ ರೂಢಿ ಮಾಡಿಕೊಳ್ಳಬೇಕು.

ನಿಯಮಿತ ಕ್ರಿಯಾಪದಗಳು ಸುಲಭವೆಂದು ಹಾರಿಸಿಬಿಡುವುದೂ ಸರಿಯಲ್ಲ. ಬರೆದಂತೆ ಓದುವ ಲಿಪಿ ನಮ್ಮದು. ಅದೇ ಅಭ್ಯಾಸದಲ್ಲಿ ‘ವಾಕೆಡ್’, ‘ವಾಷೆಡ್’ ಎನ್ನುತ್ತೇವೆ. ಕೊನೆಗೆ ಸೇರುವ ‘ಇ-ಡಿ’ಗೆ ಮೂರು ಉಚ್ಚಾರಗಳಿವೆ. ಆದೇಶಸಂಧಿಯಲ್ಲಿ ಕ-ತ-ಪಗಳಿಗೆ ಗ-ದ-ಬ ಬರುವುದನ್ನು ಕಲಿತ ಮಗುವಿಗೆ ಇದು ಬೇಗ ಹತ್ತುತ್ತದೆ. ಕ, ಪ, ಚ, ಸ, ಷ, ಫ ದನಿಗಳಿಗೆ ಮುಗಿಯುವ ಪದಕ್ಕೆ ‘ಟ್’ ಸೇರಿ ವಾಕ್ಟ್, ಹೆಲ್ಪ್ಟ್, ವಾಷ್ಟ್. ಟ ಅಥವಾ ಡ ದನಿಗೆ ಮುಗಿದರೆ ಮಾತ್ರ ‘ಇಡ್’: ವಾಂಟಿಡ್, ನೀಡಿಡ್. ಉಳಿದೆಲ್ಲ ಕಡೆ ‘ಡ್’: ಪ್ಲೇಡ್, ಕಾಲ್ಡ್. ಅನುಮಾನವಿದ್ದರೆ ಕೊರಳ ಮೇಲೆ ಬೆರಳಿಟ್ಟು ‘ಸ್ಸ್ಸ್’ ಎಂದು, ಆಮೇಲೆ ‘ಮ್ಮ್ಮ್’ ಎಂದು ಎಳೆದು ನೋಡಲಿ. ಬೆರಳಿಗೆ ಕಂಪನ ಸಿಗುವುದು ಎರಡನೆಯದರಲ್ಲಿ. ಅಲ್ಲಿ ಸೇರುವುದು ‘ಡ್’.

ದೊಡ್ಡವರ ಪತ್ರ, ಮೇಲ್‌ಗಳಲ್ಲೂ ಕಾಣುವ ತಪ್ಪು ‘ಐ ಹ್ಯಾಡ್ ಕಮ್ ಯೆಸ್ಟರ್‌ಡೇ’. ‘ನಿನ್ನೆ ಬಂದಿದ್ದೆ’ ಎಂಬ ನಮ್ಮ ಮಾತಿನ ನೇರ ಅನುವಾದವಿದು. ಇಂಗ್ಲಿಷಿಗೆ ಇಲ್ಲಿ ‘ಕೇಮ್’ ಸಾಕು. ಆಗಿಹೋದ ಎರಡು ಘಟನೆಗಳಲ್ಲಿ ಯಾವುದು ಮೊದಲು ಆಯಿತೆಂದು ತೋರಿಸಬೇಕಾದಾಗಲೇ ‘ಹ್ಯಾಡ್’ ಬೇಕು: ನಾನು ತಲುಪುವಷ್ಟರಲ್ಲಿ ಬಸ್ಸು ಹೋಗಿತ್ತು, ‘ದ ಬಸ್ ಹ್ಯಾಡ್ ಲೆಫ್ಟ್’.

ಕಿರುಪರೀಕ್ಷೆಗಳಲ್ಲಿ ಮೂರು ಕಾಲಮ್ ತುಂಬಿಸುವ ಬದಲು, ನಿನ್ನೆ ನಡೆದ ಹತ್ತು ಸಂಗತಿಗಳನ್ನು ಬರೆಸಿ, ಅವುಗಳಲ್ಲಿ ಐದನ್ನು ನಿಷೇಧಕ್ಕೆ ತಿರುಗಿಸಲು ಹೇಳಬೇಕೆಂದು ಶಿಕ್ಷಕರಲ್ಲೂ ಪಠ್ಯ ರಚಿಸುವವರಲ್ಲೂ ನನ್ನ ಕೋರಿಕೆ. ಚಿಕ್ಕ ತರಗತಿಯ ಮಗು ‘ಐ ಗೋಡ್ ಟು ಮಾರ್ಕೆಟ್’ ಎಂದರೆ ದಯವಿಟ್ಟು ಗದರಬೇಡಿ. ‘ಇ-ಡಿ’ ನಿಯಮ ಅದಕ್ಕೆ ದಕ್ಕಿದೆ, ಹಾಕಿದ ಜಾಗ ಮಾತ್ರ ತಪ್ಪಿದೆ. ‘ಓ, ಯು ವೆಂಟ್ ಟು ದ ಮಾರ್ಕೆಟ್? ಹೂ ವೆಂಟ್ ವಿತ್ ಯು?’ ಎಂದು ಮಾತು ಮುಂದುವರಿಸಿ. ಸರಿಯಾದ ರೂಪ ಎರಡು ಸಲ ಕಿವಿಗೆ ಬಿದ್ದಿರುತ್ತದೆ.

– ಪ್ರೌಢಶಾಲಾ ಇಂಗ್ಲಿಷ್ ಶಿಕ್ಷಕಿ, ಹಾವೇರಿ ಜಿಲ್ಲೆ