ವಿಕರ್ಣನ ಊಟದ ಎಲೆ

ಪ್ರೀತಿಯ ತಮ್ಮಾ,

ನಿನ್ನ ಕಾಗದವೂ ಕಾದಂಬರಿಯ ಕರಡೂ ಕೈಸೇರಿ ಮೂರು ವಾರವಾಯಿತು. ಎರಡು ಸಲ ಓದಿದೆ. ದ್ರೌಪದಿಯ ಪರವಾಗಿ ಸಭೆಯಲ್ಲಿ ಎದ್ದು ನಿಂತ ವಿಕರ್ಣನನ್ನು ಹಿಡಿದಿದ್ದೀಯ, ಆಯ್ಕೆ ಒಳ್ಳೆಯದೇ. ಆದರೆ ಅವನಿಗೊಬ್ಬಳು ಪ್ರೇಯಸಿ, ಕಾಡಿನಲ್ಲೊಬ್ಬ ಗುರು, ಸಾಲದ್ದಕ್ಕೆ ಒಂದು ಗುಪ್ತ ಗುಹೆ! "ಪುರಾಣದ ಪಾತ್ರಕ್ಕೆ ಹೊಸದಾಗಿ ಎಷ್ಟು ಸೇರಿಸಬಹುದು?" ಎಂದು ಕೇಳಿದ್ದೀಯ. ಇದಕ್ಕೆ ಮಲಯಾಳಂ ಲೇಖಕ ಎಂ.ಟಿ. ವಾಸುದೇವನ್ ನಾಯರ್ ಏನು ಮಾಡಿದರು ನೋಡು.

ಕೇರಳದ ಉತ್ತರ ಮಲಬಾರಿನ ವೀರಗಾಥೆಯ ಹಾಡುಗಳಲ್ಲಿ ಚಂದು ಎಂದರೆ ಮೋಸಗಾರ. ಕಮ್ಮಾರನಿಗೆ ದುಡ್ಡು ಕೊಟ್ಟು ವೀರ ಆರೋಮಲನ ಕತ್ತಿ ಅಂಕದ, ಅಂದರೆ ದ್ವಂದ್ವಯುದ್ಧದ, ನಡುವೆ ಮುರಿಯುವಂತೆ ಮಾಡಿದವನು, ದಣಿದು ತನ್ನ ಮಡಿಲಲ್ಲಿ ಒರಗಿದವನ ಗಾಯಕ್ಕೆ ದೀಪದ ಕಂಬ ಚುಚ್ಚಿದವನು. ತಲೆತಲಾಂತರದಿಂದ ಹೀಗೆಯೇ ಹಾಡಿದ್ದಾರೆ. 1989ರ ‘ಒರು ವಡಕ್ಕನ್ ವೀರಗಾಥ’ ಸಿನಿಮಾಕ್ಕೆ ಚಿತ್ರಕಥೆ ಬರೆದಾಗ ಎಂ.ಟಿ. ಮುರಿದ ಕತ್ತಿಯನ್ನೂ ಬಿಡಲಿಲ್ಲ, ದೀಪವನ್ನೂ ಬಿಡಲಿಲ್ಲ. ಜನ ಕಾದು ಕೂತಿದ್ದ ಎರಡೂ ತೆರೆಯ ಮೇಲೆ ಬಂದೇ ಬರುತ್ತವೆ. ಆದರೆ ಕತ್ತಿ ಕೆಡಿಸಿದವನು ಚಂದು ಅಲ್ಲ, ದೀಪ ನಾಟಿದ್ದೂ ಆರೋಮಲನೇ ಮೇಲೆ ಬಿದ್ದ ಜಗಳದಲ್ಲಿ. ನಡೆದದ್ದು ಹಾಗೇ ಇದೆ, ಕಾರಣ ಮಾತ್ರ ತಿರುಗಿದೆ. ಮಮ್ಮೂಟ್ಟಿಯ ಚಂದುವನ್ನು ನೋಡಿದ ಮೇಲೆ ಹಳೆಯ ಹಾಡು ಕೇಳುವಾಗ ಸುಮ್ಮನೆ ತಲೆದೂಗಲು ನನಗೆ ಆಗುವುದಿಲ್ಲ.

ಅದಕ್ಕೂ ಮೊದಲು, 1984ರಲ್ಲಿ, ಅವರ ಕಾದಂಬರಿ ‘ರಂಡಾಮೂಳಂ’. ಎರಡನೆಯ ಸರದಿ ಎಂದರ್ಥ. ಸಿಂಹಾಸನದಲ್ಲೂ ದ್ರೌಪದಿಯ ವಿಷಯದಲ್ಲೂ ಅಣ್ಣನ ನಂತರವೇ ಸರದಿ ಬರುವ ಭೀಮನ ಕಥೆ. ನಮ್ಮ ಭೈರಪ್ಪನವರ ‘ಪರ್ವ’ ಅದಕ್ಕಿಂತ ಐದು ವರ್ಷ ಮುಂಚೆ ಬಂದಿತ್ತು. ಅಲ್ಲಿ ಹಲವರು ನೆನೆಯುತ್ತಾರೆ, ಇಲ್ಲಿ ಭೀಮನೊಬ್ಬನೇ. ಎರಡನ್ನೂ ಅಕ್ಕಪಕ್ಕ ಇಟ್ಟು ಓದು. ಯಾವುದು ಮೇಲು ಎಂಬ ಚರ್ಚೆಗೆ ಮಾತ್ರ ಇಳಿಯಬೇಡ, ಸಂಜೆ ಹಾಳು. ವ್ಯಾಸರು ಮೌನವಾಗಿ ಬಿಟ್ಟ ಜಾಗಗಳೇ ತನಗೆ ದಾರಿ ಕೊಟ್ಟವು ಎಂಬ ಅರ್ಥದಲ್ಲಿ ಎಂ.ಟಿ. ಹೇಳಿಕೊಂಡಿದ್ದಾರೆ. ನೀನು ಗುಹೆ ತೋಡಿದ್ದು ವ್ಯಾಸರು ಕಟ್ಟಿದ ಗೋಡೆಯಲ್ಲಿ.

ಇನ್ನು ಮಾತಿನ ವಿಷಯ. ನಿನ್ನ ಪಾತ್ರಗಳು ಬಹಳ ಮಾತಾಡುತ್ತವೆ. ನನ್ನ ಮೊದಲ ಕಾದಂಬರಿಯಲ್ಲೂ ಅಜ್ಜಿಯೊಬ್ಬಳು ಸಾಯುವ ಮುಂಚೆ ಎರಡು ಪುಟ ಮಾತಾಡುತ್ತಾಳೆ, ಪ್ರಾಣ ಹೋಗುವುದೇ ಇಲ್ಲ! ಎಂ.ಟಿ.ಯವರ ಒಂದು ಕಥೆಯಲ್ಲಿ ಹಳೇ ಪೆಟ್ಟಿಗೆಯೊಳಗೆ ರಬ್ಬರಿನ ಗೂಬೆಯೊಂದು ಸಿಗುತ್ತದೆ. ಸಿಲೋನಿನಿಂದ ಬಂದ ಅಪ್ಪನ ಜೊತೆ ಒಬ್ಬಳು ಪುಟ್ಟ ಹುಡುಗಿ ಬಂದಿದ್ದಳು, ಅವಳದು ಆ ಗೂಬೆ. ಅವಳು ಯಾರು ಎಂಬುದು ದೊಡ್ಡವರ ಜಗಳದಿಂದಲೇ ಹುಡುಗನ ಕಿವಿಗೆ ಬೀಳಬೇಕು. ಎಂ.ಟಿ.ಯವರ ತಂದೆಯೂ ಸಿಲೋನಿನಲ್ಲಿ ದುಡಿದವರೇ. ಎದೆಯೊಳಗೆ ಅಷ್ಟೊಂದು ಇಟ್ಟುಕೊಂಡ ಲೇಖಕ ನಮ್ಮ ಕೈಗೆ ಕೊಡುವುದು ಒಂದು ಆಟಿಕೆ.

ಸಿನಿಮಾದಲ್ಲೂ ಅದೇ ಕೈ. 1973ರಲ್ಲಿ ಮೊದಲ ಸಲ ನಿರ್ದೇಶಿಸಿದ ‘ನಿರ್ಮಾಲ್ಯಂ’ ನೋಡು. ಪಾಳುಬಿದ್ದ ದೇವಸ್ಥಾನದ ವೆಳಿಚ್ಚಪ್ಪಾಡ್, ನಮ್ಮ ಕರಾವಳಿಯ ದರ್ಶನಪಾತ್ರಿಯಂಥವನು, ದೇವಿ ಮೈಮೇಲೆ ಬರುವವನು. ಸಾಲ, ಹಸಿವು. ಉತ್ಸವದ ಹೊತ್ತಿಗೆ ಹೆಂಡತಿ ಸಾಲ ಕೊಟ್ಟವನೊಡನೆ ಇರುವುದು ಕಣ್ಣಿಗೆ ಬೀಳುತ್ತದೆ. ಆಮೇಲೆ ಭಾಷಣವಿಲ್ಲ. ಕುಣಿಯುತ್ತ ಕತ್ತಿಯಿಂದ ಹಣೆ ಕಡಿದುಕೊಳ್ಳುತ್ತಾನೆ, ಬಾಯಿಗಿಳಿದ ರಕ್ತವನ್ನು ದೇವಿಯ ಮೂರ್ತಿಗೆ ಉಗಿಯುತ್ತಾನೆ, ಬಿದ್ದು ಸಾಯುತ್ತಾನೆ. ಪಿ.ಜೆ. ಆಂಟನಿ ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು, ಚಿತ್ರಕ್ಕೂ ಸ್ವರ್ಣಪದಕ ಬಂತು. ಆ ಉಗುಳನ್ನು ಇವತ್ತು ಯಾರಾದರೂ ತೆರೆಯ ಮೇಲೆ ತರಲಿ ನೋಡೋಣ.

"ಊರು ಬಿಟ್ಟು ಬರೆಯಬಾರದೇ?" ಎಂದೂ ಕೇಳಿದ್ದೀಯ. ಅರಿಯದ ಅದ್ಭುತಗಳ ಸಮುದ್ರಕ್ಕಿಂತ ತಾನರಿತ ನಿಳಾ ನದಿಯೇ ಇಷ್ಟ ಎಂಬ ಎಂ.ಟಿ.ಯವರ ಮಾತು ಈಗ ಎಲ್ಲರ ಬಾಯಲ್ಲಿದೆ. 1933ರಲ್ಲಿ ಹುಟ್ಟಿದ್ದು ಆ ಹೊಳೆಯ ದಡದ ಕೂಡಲ್ಲೂರಿನಲ್ಲಿ. ‘ನಾಲುಕೆಟ್ಟು’, ‘ಅಸುರವಿತ್ತ್’, ‘ಕಾಲಂ’ ಕಾದಂಬರಿಗಳೆಲ್ಲ ಆ ಸೀಮೆಯವೇ. ಆದರೆ ‘ಮಂಜ್’ ನಡೆಯುವುದು ನೈನಿತಾಲಿನಲ್ಲಿ, ಕಾಯುತ್ತ ಕೂತ ಒಬ್ಬಳು ಟೀಚರ್ ಸುತ್ತ. ಊರನ್ನು ಪ್ರೀತಿಸಿದರೆಂದು ಅದಕ್ಕೆ ಆರತಿ ಎತ್ತಿದವರೂ ಅಲ್ಲ. ‘ನಾಲುಕೆಟ್ಟು’ವಿನ ಅಪ್ಪುಣ್ಣಿ ತನ್ನನ್ನು ಹೊರಹಾಕಿದ ತರವಾಡು ಮನೆಯನ್ನೇ, ಅಂದರೆ ಮನೆತನದ ಹಳೆಯ ಮನೆಯನ್ನೇ, ಕೊನೆಗೆ ಕೊಂಡುಕೊಳ್ಳುತ್ತಾನೆ. ಕೊಂಡು, ಇದನ್ನು ಕೆಡವಿ ಗಾಳಿ ಬೆಳಕಿರುವ ಸಣ್ಣ ಮನೆ ಸಾಕು ಅನ್ನುತ್ತಾನೆ.

ವಿಕರ್ಣನಿಗೆ ಬರೋಣ. ಸಭೆಯಲ್ಲಿ ಅಣ್ಣನ ವಿರುದ್ಧ ಮಾತಾಡಿದವನು ಹದಿಮೂರು ವರ್ಷ ಕಳೆದು ಅದೇ ಅಣ್ಣನ ಕಡೆ ನಿಂತು ಭೀಮನ ಕೈಯಲ್ಲಿ ಸತ್ತ. ಮಾತಾಡಿದ ಮರುದಿನ ಅವನು ಊಟಕ್ಕೆ ಎಲ್ಲಿ ಕೂತ? ದುಶ್ಶಾಸನನ ಪಕ್ಕವೇ? ಬಡಿಸುವವರು ಅವನ ಎಲೆಯ ಮುಂದೆ ನಿಂತರೇ, ಮುಂದಕ್ಕೆ ಹೋದರೇ? ಆ ಪಂಕ್ತಿ ನಿನ್ನ ಕರಡಿನಲ್ಲಿಲ್ಲ. ಗುಹೆಯ ಪುಟಗಳಿಗೆಲ್ಲ ಪೆನ್ಸಿಲ್ ಗೀಟು ಎಳೆದಿದ್ದೇನೆ, ಬೈದುಕೊಳ್ಳಬೇಡ. ಸೋಮವಾರ ಸ್ಪೀಡ್ ಪೋಸ್ಟಿಗೆ ಹಾಕುತ್ತೇನೆ.

ನಿನ್ನ,
ಅಣ್ಣ