ಕಣ್ಣು ಕುಕ್ಕುವ ಹೆಡ್‌ಲೈಟ್‌ಗಳಿಗೆ ಕಡಿವಾಣ ಹಾಕಿ

ಮಾನ್ಯ ಸಂಪಾದಕರೇ,

ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 275ರಲ್ಲಿ ರಾತ್ರಿ ವಾಹನ ಓಡಿಸಲು ಈಗ ಭಯವಾಗುತ್ತದೆ. ಕಳೆದ ವಾರ ತಿರುವೊಂದರಲ್ಲಿ ಎದುರಿನ ಜೀಪಿನ ಬಿಳಿ ಬೆಳಕು ನೇರ ಮುಖಕ್ಕೆ ರಾಚಿತು. ಕೆಲವು ಕ್ಷಣ ರಸ್ತೆಯ ಅಂಚೇ ಕಾಣಲಿಲ್ಲ, ಪಕ್ಕದಲ್ಲೇ ಕಣಿವೆ. ಜೊತೆಗಿದ್ದ ಅಮ್ಮ ಮನೆ ತಲುಪುವವರೆಗೂ ಮಾತನಾಡಲಿಲ್ಲ.

ಹ್ಯಾಲೊಜೆನ್ ಬಲ್ಬಿಗೆಂದೇ ರೂಪಿಸಿದ ಹೆಡ್‌ಲೈಟಿಗೆ ಅಂಗಡಿಯ ಎಲ್‌ಇಡಿ ಬಲ್ಬ್ ತುರುಕಿದರೆ ಬೆಳಕು ರಸ್ತೆಯ ಮೇಲೆ ನಿಲ್ಲದೆ ಎಲ್ಲೆಡೆ ಚೆದರುತ್ತದೆ. ಮಂಜು ಕವಿದಾಗಲಂತೂ ಹೈಬೀಮ್ ಹಾಕಿದವರಿಗೂ ಬಿಳಿ ಗೋಡೆಯಷ್ಟೇ ಕಾಣುವುದು. ನೀರಿನ ಹನಿಗಳು ಆ ಬೆಳಕನ್ನು ಅವರ ಕಣ್ಣಿಗೇ ಮರಳಿಸುತ್ತವೆ. ಕಾಫಿ ತೋಟದಿಂದ ರಸ್ತೆಗಿಳಿಯುವ ಆನೆ ಆಗ ಕಾಣುವುದಾದರೂ ಹೇಗೆ?

ನಿಯಮವಿಲ್ಲವೆಂದಲ್ಲ. ಹೆಡ್‌ಲೈಟ್ ಬೆಳಕು ಕೆಳಮುಖವಾಗಿರಬೇಕು, ಎದುರಿನವರ ಕಣ್ಣು ಕುಕ್ಕಬಾರದು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಪೊಲೀಸರು ಮತ್ತು ಸಾರಿಗೆ ಇಲಾಖೆಯವರು ಕುಶಾಲನಗರ, ಸಂಪಾಜೆಗಳಲ್ಲಿ ರಾತ್ರಿ ಹೊತ್ತು ತಪಾಸಣೆ ನಡೆಸಿ ಇಂತಹ ದೀಪಗಳನ್ನು ಸ್ಥಳದಲ್ಲೇ ತೆಗೆಸಬೇಕು. ಅವುಗಳನ್ನು ಅಳವಡಿಸಿಕೊಡುವ ಅಂಗಡಿಗಳಿಗೂ ದಂಡ ಬೀಳಲಿ. ಮಳೆಗಾಲ ಹಿಡಿಯುವ ಮುನ್ನವೇ ಇದಾಗಬೇಕು.

– ಓದುಗ, ಮಡಿಕೇರಿ