ಹಂಚಿದವರು ಯಾರು?

ಚಿರಂಜೀವಿ ತಂಗಿಗೆ ಆಶೀರ್ವಾದಗಳು.

ನೀನು ಕಳಿಸಿದ 22 ಪುಟ ತಲುಪಿತು. ಜೊತೆಗಿದ್ದ ಚೀಟಿಯನ್ನೂ ಓದಿದೆ. "ಮೂರು ಕಡೆಯಿಂದ ವಾಪಸ್ ಬಂತು ಸರ್, ಬರೆಯೋದೇ ಬಿಡ್ಲಾ?" ಅಂತ ಕೇಳಿದ್ದೀಯ. ಬಿಡಬೇಡ. ಹಾಗಂತ ಲೇಖನ ಚೆನ್ನಾಗಿದೆ ಅಂತಲೂ ನಾನು ಹೇಳುವುದಿಲ್ಲ. ಕಾಗುಣಿತ, ಪ್ಯಾರಾ, ಉದ್ದ ಜಾಸ್ತಿಯಾಗಿದೆ ಅನ್ನೋದು, ಇವನ್ನೆಲ್ಲ ಯಾವ ಸಬ್ ಎಡಿಟರ್ ಆದರೂ ತಿದ್ದುತ್ತಾನೆ. ಅದಕ್ಕೆ ನಾನು ಬೇಕಾಗಿಲ್ಲ.

ವಿಷಯ ಮಾತ್ರ ಒಳ್ಳೆಯದನ್ನೇ ಹಿಡಿದಿದ್ದೀಯ. ಬಡ ದೇಶಗಳ ಸಂಗತಿ ಬರೆಯುವುದಕ್ಕೆಂದೇ ಹುಟ್ಟಿದ ‘ನ್ಯೂ ಇಂಟರ್‌ನ್ಯಾಷನಲಿಸ್ಟ್’ ಪತ್ರಿಕೆಯ ಕಥೆ. ಬ್ರಿಟನ್ನಿನ ಕಾಲೇಜು ಹುಡುಗರು ‘ಥರ್ಡ್ ವರ್ಲ್ಡ್ ಫಸ್ಟ್’ ಅಂತ ಸಂಘ ಕಟ್ಟಿದ್ದು, 1970ರಲ್ಲಿ ಮೊದಲೊಂದು ಪತ್ರಿಕೆ ತಂದದ್ದು, ಆಕ್ಸ್‌ಫ್ಯಾಮ್ ಮತ್ತು ಕ್ರಿಶ್ಚಿಯನ್ ಏಡ್ ಅನ್ನುವ ದಾನ ಸಂಸ್ಥೆಗಳು ನೆರವಿಗೆ ನಿಂತದ್ದು, 1973ರ ಮಾರ್ಚ್‌ನಲ್ಲಿ ಈ ಮಾಸಪತ್ರಿಕೆ ಶುರುವಾದದ್ದು, ಎಲ್ಲ ಸರಿಯಾಗಿದೆ. ಆಮೇಲೆ ಒಂಬತ್ತನೇ ಪುಟಕ್ಕೆ ಬಂದೆ. "ಆಸ್ಪತ್ರೆಗಳಲ್ಲಿ ಹಾಲಿನ ಪುಡಿಯನ್ನು ಹಂಚಲಾಯಿತು. ಶಿಶುಗಳು ಸಾವಿಗೀಡಾದವು."

ಹಂಚಲಾಯಿತಾ? ಯಾರು ಹಂಚಿದರು?

ಈ ‘ಲಾಯಿತು’ ಇದೆಯಲ್ಲ, ಅದರ ಮೇಲೆ ನನಗೆ ಹಳೇ ಸಿಟ್ಟು. ನಮ್ಮಜ್ಜಿಯ ಬಾಯಲ್ಲಿ ಒಮ್ಮೆಯೂ ಅದು ಬಂದದ್ದಿಲ್ಲ. "ಡಬ್ಬಿಯ ಬೆಲ್ಲ ಕದಿಯಲಾಯಿತು" ಅಂತ ಅವಳು ಹೇಳುವವಳಾಗಿದ್ದರೆ ನನ್ನ ಬೆನ್ನು ಎಷ್ಟೋ ಸಲ ಉಳಿಯುತ್ತಿತ್ತು. ಅದು ಕಚೇರಿಯ ಮಾತು. ಮಾಡಿದವನನ್ನು ಮೆಲ್ಲಗೆ ಹಿತ್ತಲ ಬಾಗಿಲಿನಿಂದ ಆಚೆ ಕಳಿಸುತ್ತದೆ. ನಿನ್ನ 22 ಪುಟದಲ್ಲಿ 41 ‘ಲಾಯಿತು’ ಇವೆ. ಕೆಂಪು ಪೆನ್ಸಿಲ್ ಹಿಡಿದು ಕೂತು ಎಣಿಸಿದ್ದೇನೆ. ನಿವೃತ್ತನಿಗೆ ಇನ್ನೇನು ಕೆಲಸ.

ಆ ಪತ್ರಿಕೆ ಐದು ತಿಂಗಳ ಕೂಸಾಗಿದ್ದಾಗ, 1973ರ ಆಗಸ್ಟ್ ಸಂಚಿಕೆಯ ಮುಖಪುಟದಲ್ಲಿ ಏನು ಹಾಕಿತು ನೋಡು. ಜಾಂಬಿಯಾದ ಒಂದು ಮಗುವಿನ ಗೋರಿ. ಅದರ ಮೇಲೆ ಹಾಲಿನ ಬಾಟಲಿ, ಖಾಲಿಯಾದ ಪುಡಿ ಡಬ್ಬಿ. ಮಗುವಿನ ತಾಯಿಯೇ ಇಟ್ಟದ್ದು. ತಾನು ಕೊಟ್ಟದ್ದರಲ್ಲೆಲ್ಲ ಒಳ್ಳೆಯದು ಅದೇ ಅಂತ ಅವಳು ನಂಬಿದ್ದಿರಬೇಕು. ನೀನು ಇದನ್ನು "ಹೃದಯವಿದ್ರಾವಕ ಮುಖಪುಟ" ಅಂತ ಎರಡು ಪದದಲ್ಲಿ ಮುಗಿಸಿದ್ದೀಯ. ಅದರಲ್ಲಿ ನನಗೆ ಡಬ್ಬಿ ಎಲ್ಲಿ ಕಾಣಬೇಕು?

ಆಗ ನಡೆಯುತ್ತಿದ್ದದ್ದು ಇದು. ಕಂಪನಿಗಳು ನರ್ಸುಗಳ ಹಾಗೆ ಬಟ್ಟೆ ತೊಟ್ಟ ಮಾರಾಟದ ಹೆಂಗಸರನ್ನು ಬಾಣಂತಿಯರ ಹತ್ತಿರ ಕಳಿಸುತ್ತಿದ್ದವು. ಮೊದಲ ಡಬ್ಬಿ ಪುಕ್ಕಟೆ. ಅದು ಮುಗಿಯುವಷ್ಟರಲ್ಲಿ ತಾಯಿಯ ಎದೆಹಾಲು ಬತ್ತಿರುತ್ತಿತ್ತು. ಎರಡನೇ ಡಬ್ಬಿಗೆ ದುಡ್ಡಿಲ್ಲ. ನಾಲ್ಕು ಚಮಚದ ಕಡೆ ಒಂದು ಚಮಚ ಪುಡಿ, ಮಿಕ್ಕಿದ್ದು ಹೊಂಡದ ನೀರು. ಆಮೇಲೆ ಭೇದಿ. ಇದರಲ್ಲಿ ಒಂದಾದರೂ ‘ಲಾಯಿತು’ ಬೇಕಾಯಿತಾ?

ಹೆಸರು ಬರೆದರೆ ತಾಪತ್ರಯ ಬರುತ್ತದೆ, ನಿಜ. 1974ರಲ್ಲಿ ಸ್ವಿಟ್ಜರ್ಲೆಂಡಿನ ಒಂದು ಗುಂಪು "ನೆಸ್ಲೆ ಶಿಶುಗಳನ್ನು ಕೊಲ್ಲುತ್ತದೆ" ಅಂತ ತಲೆಬರಹ ಕೊಟ್ಟು ಪುಸ್ತಿಕೆ ತಂದಿತು. ಕಂಪನಿ ಕೇಸು ಹಾಕಿತು. 1976ರಲ್ಲಿ ಕೋರ್ಟು ಆ ತಲೆಬರಹ ಮಾನಹಾನಿ ಎಂದು ಗುಂಪಿನವರಿಗೆ ತಲಾ 300 ಫ್ರಾಂಕ್ ದಂಡ ಹಾಕಿತು. ನಿಮ್ಮ ಪ್ರಚಾರದ ರೀತಿ ತಿದ್ದಿಕೊಳ್ಳಿ ಅಂತ ಕಂಪನಿಗೂ ಹೇಳಿತು. ಕರ್ತೃವನ್ನು ಹುಡುಕಿದರೆ ಸಾಲದು, ಸಾಕ್ಷಿ ತಾಳುವ ಕ್ರಿಯಾಪದವನ್ನೂ ಹುಡುಕಬೇಕು. ಜನ 1977ರಲ್ಲಿ ನೆಸ್ಲೆಯನ್ನು ಬಹಿಷ್ಕರಿಸಿದ್ದು, 1981ರಲ್ಲಿ ವಿಶ್ವ ಆರೋಗ್ಯ ಸಭೆ ಇಂಥ ಪುಡಿಯ ಮಾರಾಟಕ್ಕೆ ನಿಯಮ ತಂದದ್ದು, 118 ದೇಶ ಒಪ್ಪಿದಾಗ ಅಮೆರಿಕ ಒಂದೇ ವಿರೋಧಿಸಿದ್ದು, ಇವನ್ನು ನೀನೇ ಚೆನ್ನಾಗಿ ಬರೆದಿದ್ದೀಯ.

ನನ್ನ ಮಾತು ಹೇಳಿಬಿಡುತ್ತೇನೆ. ನಮ್ಮಲ್ಲಿ ಶಿಶುಗಳ ಹಾಲಿನ ಪುಡಿಯ ಪ್ರಚಾರಕ್ಕೆ ಕಡಿವಾಣ ಹಾಕಿದ 1992ರ ಕಾನೂನು ಬರುವುದಕ್ಕೆ ಕೆಲವು ವರ್ಷ ಮುಂಚೆ, ಒಂದು ಊರಿನ ಹೆರಿಗೆ ಆಸ್ಪತ್ರೆಯಲ್ಲಿ ಇಂಥದೇ ಡಬ್ಬಿಗಳ ಸಾಲು ನೋಡಿದೆ. ಯಾರು ತಂದಿಟ್ಟರು, ಯಾವ ಕಂಪನಿ, ಎಲ್ಲ ಡೈರಿಯಲ್ಲಿ ಬರೆದುಕೊಂಡೆ. ಸಂಪಾದಕರು ಓದಿ, "ಹೆಸರು ಬೇಡ ಮಾರಾಯ, ಜಾಹೀರಾತು ನಿಲ್ಲುತ್ತೆ" ಅಂದರು. ನಾನು ತಕರಾರು ಮಾಡಲಿಲ್ಲ. ಅಲ್ಲೇ ಪೆನ್ನು ತೆಗೆದು "ಉಚಿತವಾಗಿ ವಿತರಿಸಲಾಯಿತು" ಅಂತ ತಿದ್ದಿದೆ. ಆ ವರದಿಗೆ ಪ್ರಶಸ್ತಿ ಬಂತು. ಶಾಲು, ಹಾರ, ಹಣ್ಣಿನ ಬುಟ್ಟಿ. ಯಾರೂ ಫೋನ್ ಮಾಡಿ ಬೈಯಲಿಲ್ಲ. ಬೈಯಲು ಅದರಲ್ಲಿ ಯಾರೂ ಇರಲೇ ಇಲ್ಲವಲ್ಲ. ಡೈರಿ ಒಂದು ಮಳೆಗಾಲದಲ್ಲಿ ಗೆದ್ದಲ ಪಾಲಾಯಿತು. ಈಗ ಸಾಕ್ಷಿ ಇಲ್ಲದೆ ಆ ಹೆಸರನ್ನು ನಿನಗೂ ಬರೆಯಲಾರೆ.

ಅದಕ್ಕೇ ನಿನ್ನ ಕೊನೆಯ ಭಾಗ ನೋಡಿ ತಾಳ್ಮೆ ತಪ್ಪಿತು. ಆ ಪತ್ರಿಕೆಯ ಕೆಲಸಗಾರರೇ ಸಹಕಾರಿ ಸಂಘ ಮಾಡಿಕೊಂಡು, ಎಲ್ಲರೂ ಒಂದೇ ಸಂಬಳ ತೆಗೆದುಕೊಂಡು ನಡೆಸಿದರು. 2017ರಲ್ಲಿ ಓದುಗರು ಷೇರು ಕೊಂಡು 7 ಲಕ್ಷ ಪೌಂಡಿಗೂ ಜಾಸ್ತಿ ಕೊಟ್ಟರು. "ಹೆಸರು ಬೇಡ" ಅನ್ನುವ ಮಾಲೀಕನೇ ಇಲ್ಲದ ಆಫೀಸು! ಅದನ್ನು ನೀನು ಮೂರು ಸಾಲಿನಲ್ಲಿ ಮುಗಿಸಿ, ಅಭಿನಂದನೆಯ ಎರಡು ಪುಟ ಸೇರಿಸಿದ್ದೀಯ. ಆ ಎರಡು ಪುಟ ಹರಿದು ಹಾಕಿದ್ದೇನೆ. ಬೇಜಾರು ಮಾಡ್ಕೋಬೇಡ.

ಉಳಿದ ಇಪ್ಪತ್ತನ್ನು ಈ ಕಾಗದದ ಜೊತೆಗೇ ಇಟ್ಟಿದ್ದೇನೆ. ಮೊದಲು ಒಂಬತ್ತನೇ ಪುಟ ಬರೆದು ಕಳಿಸು. ಬೇಗ ಕಳಿಸು, ಮುಂದಿನ ತಿಂಗಳು ಕಣ್ಣಿನ ಆಪರೇಷನ್ ಇದೆ.